ಬೆಂಚಿಲ್ಲದ ಭಾನುವಾರ

ಮೊಳೆಯಕ್ಕನಿಗೆ ಆ ಹೆಸರು ಬಂದದ್ದು ಬಾಯಲ್ಲಿ ಮೊಳೆ ತುಂಬಿಕೊಳ್ಳುವ ಅಭ್ಯಾಸದಿಂದ. ಕುರ್ಚಿಗೆ ರೆಗ್ಜಿನ್ ಹೊದಿಸುವಾಗ ಒಂದು ಕೈ ಬಟ್ಟೆಯನ್ನು ಜಗ್ಗಿ ಹಿಡಿಯಬೇಕು, ಇನ್ನೊಂದು ಕೈಗೆ ಸುತ್ತಿಗೆ ಬೇಕು. ಮೊಳೆಗೆ ಉಳಿಯುವ ಜಾಗ ಬಾಯೊಂದೇ. ಒಂದು ಹಿಡಿ ಸಣ್ಣ ಮೊಳೆಗಳನ್ನು ಕೆನ್ನೆಯೊಳಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ಹೊರಳಿಸಿ ತುಟಿಗೆ ತಂದು, ಕಣ್ಣು ಮಿಟುಕಿಸುವುದರೊಳಗೆ ಬಡಿದು ಮುಗಿಸುತ್ತಿದ್ದಳು. ಮೂವತ್ತೈದು ವರ್ಷದಲ್ಲಿ ಒಂದನ್ನೂ ನುಂಗಿರಲಿಲ್ಲ. ಬಾಯಿ ತುಂಬ ಮೊಳೆಯಿದ್ದಾಗಲೂ ಗಿರಾಕಿಗಳ ಜೊತೆ ಜಗಳಕ್ಕೆ ಇಳಿಯುತ್ತಿದ್ದಳು, ಸಾಮಾನ್ಯವಾಗಿ ಗೆಲ್ಲುತ್ತಲೂ ಇದ್ದಳು.

ಇಂಥವಳು ಐವತ್ತೆರಡನೇ ವಯಸ್ಸಿನಲ್ಲಿ, "ನಾನು ಮಿಷನರಿಯಾಗಿ ಪರದೇಶಕ್ಕೆ ಹೋಗ್ತೀನಿ" ಅಂದರೆ ಬೀದಿಯವರು ನಗದೆ ಇನ್ನೇನು ಮಾಡಿಯಾರು? ಎದುರಿನ ಬೀಗದ ಅಂಗಡಿಯವನಂತೂ ಕೀಲಿಕೈ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟು, ನಗುವುದಕ್ಕೆಂದೇ ರಸ್ತೆ ದಾಟಿ ಬಂದ.

"ಅಲ್ಲಾ ಮೊಳೆಯಕ್ಕ, ಅಲ್ಲಿ ಹೋಗಿ ಏನಂತ ಬೋಧನೆ ಮಾಡ್ತೀರಾ? ಚರ್ಚಲ್ಲಿ ಎದ್ದು ಎರಡು ಮಾತು ಪ್ರಾರ್ಥನೆ ಮಾಡಿ ಅಂದ್ರೇ ನಿಮಗೆ ಬೆವರು ಕಿತ್ಕೊಂಡು ಬರುತ್ತಂತೆ."

"ಬೋಧನೆ ಮಾಡೋಕೆ ಬರೋರು ನಮ್ಮ ಸಭೇಲಿ ಬೇಕಾದಷ್ಟು ಜನ ಇದ್ದಾರೆ. ಅವರ್ಯಾರೂ ಹೋಗ್ತಿಲ್ಲ. ಅದಕ್ಕೇ ನಾನು ಹೊರಟಿರೋದು."

"ಆ ಜನಕ್ಕೂ ಅವರದೇ ಅಂತ ಒಬ್ಬ ದೇವರು ಇರಲ್ವಾ?"

"ಇರಲಿ, ಯಾರು ಬೇಡ ಅಂದ್ರು? ನಾನು ನಂಬಿದ್ದನ್ನ ನಾನು ಹೇಳ್ತೀನಿ, ಅವರು ನಂಬಿದ್ದನ್ನ ಅವರು ಹೇಳಲಿ. ಬಾಯಿ ಅವರಿಗೂ ಇದೆ, ಕಿವಿ ನನಗೂ ಇದೆ. ನೀವು ಮೊದಲು ಹೋಗಿ ಆ ಅರ ಎತ್ತಿಡಿ, ಯಾರಾದ್ರೂ ತುಳಿದಾರು."

ಅವಳು ಹೋಗಬೇಕೆಂದಿದ್ದ ಜಾಗಕ್ಕೆ ಮೂರು ವಿಮಾನ ಬದಲಿಸಿ, ಆಮೇಲೆ ಇಡೀ ಒಂದು ದಿನ ಬಸ್ಸಿನಲ್ಲಿ ಮೈ ಕುಲುಕಿಸಿಕೊಂಡು ಹೋಗಬೇಕು. ಇವರದೇ ಸಭೆಯ ಒಬ್ಬ ನರ್ಸು ನಲವತ್ತು ವರ್ಷದ ಹಿಂದೆ ಅಲ್ಲಿಗೆ ಹೋದವಳು, ಕಾಲು ಸ್ವಾಧೀನವಿಲ್ಲದವರಿಗಾಗಿ ಒಂದು ಮನೆ ಕಟ್ಟಿದ್ದಳು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಔಷಧಿ, ಮಧ್ಯಾಹ್ನ ಕೈಕೆಲಸ. ಅವಳಿಗೀಗ ಎಪ್ಪತ್ತು ದಾಟಿತ್ತು. ಸಭೆಗೆ ಅವಳು ಬರೆದ ಪತ್ರವನ್ನು ಪಾದ್ರಿಗಳು ಒಂದು ಭಾನುವಾರ ಎಲ್ಲರಿಗೂ ಓದಿ ಹೇಳಿದರು. "ಇಲ್ಲಿ ಮಾತಾಡುವವರು ಸಾಕಷ್ಟು ಬಂದು ಹೋದರು," ಎಂದು ನರ್ಸು ಬರೆದಿದ್ದಳು. "ಗಾಲಿಕುರ್ಚಿಯ ಸೀಟು ಹರಿದರೆ ಹೊಲಿಯುವವರು, ಕೂತು ಕೂತು ಮೈ ಹುಣ್ಣಾಗದ ಹಾಗೆ ಮೆತ್ತೆ ಮಾಡುವವರು ಒಬ್ಬರನ್ನು ಕಳಿಸಿ. ದೇವರ ಮೇಲೆ ನಂಬಿಕೆ ಇರಲಿ, ಕೈಯಲ್ಲಿ ಕಸುಬೂ ಇರಲಿ."

ಇಷ್ಟು ವರ್ಷ ದೇವರು ಬೇರೆಯವರನ್ನೆಲ್ಲ ಕರೆಯುತ್ತಿದ್ದ, ತನ್ನ ಕಡೆ ಬೆರಳು ಮಾಡಿದ್ದು ಇದೇ ಮೊದಲು ಎಂದು ಮೊಳೆಯಕ್ಕನಿಗೆ ಖಾತ್ರಿಯಾಗಿಹೋಯಿತು. ಆ ಖಾತ್ರಿಯನ್ನು ಅವಳ ತಲೆಯಿಂದ ಕೀಳಲು ಯಾವ ಇಕ್ಕಳಕ್ಕೂ ಆಗುವ ಹಾಗಿರಲಿಲ್ಲ.

ಅಡ್ಡಿಯಿದ್ದದ್ದು ಒಂದೇ. ಆ ಅಡ್ಡಿ ಅವಳ ಜೊತೆ ಒಂದೇ ಅಂಗಡಿಯಲ್ಲಿ ಮರ ಕೆತ್ತುತ್ತಿತ್ತು, ಅಂಗಡಿಯ ಮೇಲಿನ ಮನೆಯಲ್ಲಿ ಒಂದೇ ಮೇಜಿನಲ್ಲಿ ಊಟ ಮಾಡುತ್ತಿತ್ತು. ಅದು ಅವಳ ಅಣ್ಣ.

ಸಭೆಯಲ್ಲಿ ಯಾರನ್ನಾದರೂ ಮಿಷನರಿಯಾಗಿ ಕಳಿಸುವುದಕ್ಕೆ ಒಂದು ಕಟ್ಟಳೆಯಿತ್ತು. ವರ್ಷಕ್ಕೊಂದು ಭಾನುವಾರ, ಹೋಗಬೇಕೆನ್ನುವವರನ್ನು ಮುಂದೆ ನಿಲ್ಲಿಸಿ ಪಾದ್ರಿಗಳು "ಇವರನ್ನು ಕಳಿಸಬಹುದೇ?" ಎಂದು ಕೇಳುತ್ತಾರೆ. ಕಳಿಸಬಹುದು ಅನ್ನುವವರು ಬೆಂಚಿನಿಂದ ಎದ್ದು ನಿಲ್ಲಬೇಕು. ಕಾಲಲ್ಲಿ ಶಕ್ತಿಯಿಲ್ಲದವರು ಕೈ ಎತ್ತಿದರೆ ಸಾಕು. ಎಲ್ಲರೂ ಎದ್ದರೆ ಸಭೆಯ ಪುಸ್ತಕದಲ್ಲಿ ಬರೆದುಕೊಂಡು ಪತ್ರ ಕೊಟ್ಟು ಕಳಿಸುತ್ತಾರೆ. ಒಬ್ಬರೇ ಒಬ್ಬರು ಕೂತಿದ್ದರೂ ಆ ವರ್ಷಕ್ಕೆ ಅದು ಮುಗಿಯಿತು. ಕೂತವರನ್ನು ಯಾಕೆ ಕೂತಿರಿ ಎಂದು ಯಾರೂ ಕೇಳುವ ಹಾಗಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಕೂತವರ ಮೂಲಕ ದೇವರೇ ಬೇಡ ಅಂದ ಎಂದು ನಂಬಿಕೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಈ ಜನ ಇದೇ ಕಟ್ಟಳೆಯನ್ನು ನಂಬಿ ಮೂರು ತಲೆಮಾರು ಬದುಕಿದ್ದರು, ಅದರಿಂದಾಗಿ ಅವರಲ್ಲಿ ಯಾರೂ ಜಗಳವಾಡಿ ಸಭೆ ಬಿಟ್ಟುಹೋದದ್ದಿರಲಿಲ್ಲ.

ಮೊದಲನೇ ವರ್ಷ ಮೊಳೆಯಕ್ಕ ಮುಂದೆ ನಿಂತಾಗ ಬೆಂಚುಗಳೆಲ್ಲ ಕಿರ್ರೆಂದವು, ಜನ ಎದ್ದರು. ಮೂರನೇ ಸಾಲಿನಲ್ಲಿ ಅತ್ತಿಗೆ ಎದ್ದಳು. ಅತ್ತಿಗೆಯ ಪಕ್ಕದಲ್ಲಿ ಅಣ್ಣ, ಅಂಗೈಯಲ್ಲಿ ಏನೋ ಬರೆದಿದೆ ಅನ್ನುವ ಹಾಗೆ ಅದನ್ನೇ ನೋಡುತ್ತ ಕೂತಿದ್ದ. ಎರಡನೇ ವರ್ಷವೂ ಅಷ್ಟೇ. ಎರಡು ಸಲವೂ ಮನೆಗೆ ಬಂದ ಮೇಲೆ ಅವನು ಆಡಿದ ಮೊದಲ ಮಾತು "ಉಪ್ಪು ಈ ಕಡೆ ಕೊಡು" ಎಂಬುದು. ಅವಳು ಕೊಟ್ಟಳು. ಕೊಡುವಾಗ ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ್ದು ನಿಜ.

ಯಾಕೆ ಕೂತ ಎಂದು ಅವಳು ಕೇಳಲಿಲ್ಲ. ಕಟ್ಟಳೆ ಇತ್ತು ಅನ್ನುವುದು ಒಂದು ಕಾರಣ. ಉತ್ತರ ತನಗೆ ಗೊತ್ತಿದೆ ಎಂದುಕೊಂಡಿದ್ದು ಇನ್ನೊಂದು ಕಾರಣ.

ಮೂವತ್ತಮೂರು ವರ್ಷದ ಹಿಂದೆ ಅದೇ ಜಾಗದಲ್ಲಿ, ಅದೇ ನರ್ಸಿನ ಅದೇ ಮನೆಗೆ ಹೋಗುತ್ತೇನೆಂದು ಅಣ್ಣ ನಿಂತಿದ್ದ. ಇಪ್ಪತ್ತೇಳು ವರ್ಷದವನು, ಒಳ್ಳೆಯ ಕುಸುರಿ ಕೈ, ಹಾಡಿದರೆ ಕೇಳಬೇಕು ಅನ್ನಿಸುವ ಗಂಟಲು. ಅವತ್ತು ಸಭೆಯೆಲ್ಲ ಎದ್ದಿತ್ತು. ಕೂತವಳು ಒಬ್ಬಳೇ, ಇಪ್ಪತ್ತೊಂದು ವರ್ಷದ ತಂಗಿ. ಅಣ್ಣ ಏನೂ ಅನ್ನಲಿಲ್ಲ. ಮಾರನೇ ದಿನ ಎಂದಿನಂತೆ ಉಳಿ ಹಿಡಿದು ಕೂತ. ಮುಂದಿನ ವರ್ಷ ಮತ್ತೆ ಕೇಳಬಹುದಿತ್ತು, ಕೇಳಲಿಲ್ಲ. ಮದುವೆಯಾದ. ಚರ್ಚಿನಲ್ಲಿ ಹಾಡುವುದನ್ನು ಮಾತ್ರ ಯಾವಾಗಲೋ ನಿಲ್ಲಿಸಿಬಿಟ್ಟಿದ್ದ.

ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಮೊಳೆಯಕ್ಕ ತೀರ್ಮಾನಿಸಿದ್ದಳು. ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಮಯ ನೋಡಿ ಹೊಡೆದಿದ್ದಾನೆ. ಅಷ್ಟು ತಾಳ್ಮೆಯ ಮನುಷ್ಯನನ್ನು ಮೆಚ್ಚಬೇಕೋ ಬೈಯಬೇಕೋ ತಿಳಿಯದೆ, ಅನುಕೂಲವಾದ ಕಡೆಯಿಂದ ಬೈಯುತ್ತಿದ್ದಳು.

ಅಷ್ಟಾದರೂ ಅವಳು ಹಟ ಬಿಡಲಿಲ್ಲ. ನರ್ಸು ಆ ದೇಶದ ಭಾಷೆಯ ಮಾತುಗಳನ್ನು ಹೇಳಿ ಹೇಳಿ ಫೋನಿಗೆ ಕಳಿಸುತ್ತಿದ್ದಳು. ನೀರು, ನೋವು, ಬಾಗಿಲು, ನಾಳೆ. ಮೊಳೆಯಕ್ಕ ಫೋನನ್ನು ಸ್ಪ್ರಿಂಗುಗಳ ಡಬ್ಬಿಗೆ ಒರಗಿಸಿ, ಬಾಯಲ್ಲಿ ಮೊಳೆ ಇಟ್ಟುಕೊಂಡೇ ಅವುಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಅವಳು 'ನಾಳೆ' ಅನ್ನುವ ಮಾತಿಗೆ ಬಂದಾಗಲೆಲ್ಲ ಅಂಗಡಿಯ ಆ ಮೂಲೆಯಲ್ಲಿ ಅಣ್ಣನ ಮುಖ ಹಲ್ಲುನೋವು ಬಂದವನ ಹಾಗೆ ಕಿವುಚಿಕೊಳ್ಳುತ್ತಿತ್ತು. ಅವನು ಇನ್ನೂ ಜೋರಾಗಿ ಸುತ್ತಿಗೆ ಬಡಿಯುತ್ತಿದ್ದ. ಅವಳು ಇನ್ನೂ ಜೋರಾಗಿ ಹೇಳುತ್ತಿದ್ದಳು. ಎದುರಿನ ಬೀಗದವನಿಗೂ ಆ ಭಾಷೆಯಲ್ಲಿ ನಾಲ್ಕು ಮಾತು ಬರುವ ಹಾಗಾಯಿತು.

ಮೂರನೇ ವರ್ಷ ಬಂತು. ಐವತ್ತೈದು ತುಂಬಿದವರನ್ನು ಸಭೆ ಕಳಿಸುವುದಿಲ್ಲ. ಅವಳಿಗೆ ಅದು ತುಂಬಲು ಎರಡೇ ತಿಂಗಳಿತ್ತು. ಈ ಭಾನುವಾರ ತಪ್ಪಿದರೆ ಮತ್ತೆ ಕೇಳುವ ಹಾಗೇ ಇಲ್ಲ.

"ನಾನು ಹೇಳಿ ನೋಡ್ದೆ," ಅಂದಳು ಅತ್ತಿಗೆ, ಪಾತ್ರೆ ಒರೆಸುತ್ತ. "ಗೋಡೆಗೆ ಹೇಳಿದ ಹಾಗಾಯ್ತು. ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ಈ ಸಲಾನೂ ಕೂರ್ತಾರೆ, ನೋಡ್ತಿರು."

"ಕೂರಲಿ ಅತ್ತಿಗೆ. ಆದ್ರೆ ಕೂರೋಕೆ ಜಾಗ ಇರಬೇಕಲ್ಲ?"

ಬಾಯಿತಪ್ಪಿ ಬಂದ ಮಾತು. ಹೇಳಿದ ಮೇಲೆ ಅದು ಅವಳಿಗೇ ಕೇಳಿಸಿತು. ಅತ್ತಿಗೆ ಒರೆಸುತ್ತಿದ್ದ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ನಾದಿನಿಯ ಮುಖ ನೋಡಿದಳು. ಆ ಮುಖದಲ್ಲಿ ಏಳುತ್ತಿದ್ದ ಕಳೆ ಅವಳಿಗೆ ಹೊಸದಲ್ಲ, ಒಳ್ಳೆಯದೂ ಅಲ್ಲ.

"ನನಗೇನೂ ಗೊತ್ತಿಲ್ಲಪ್ಪ," ಎಂದು ಹೇಳಿ ಅತ್ತಿಗೆ ಒಳಗೆ ಹೋದಳು.

ಚರ್ಚಿನ ಬೆಂಚುಗಳ ಕೀಲು ಸಡಿಲವಾಗಿ ಎರಡು ವರ್ಷವಾಗಿತ್ತು. ದಪ್ಪನೆಯವರು ಕೂತರೆ ಸಾಲಿಗೆ ಸಾಲೇ ಓಲಾಡುತ್ತಿತ್ತು. ದುರಸ್ತಿ ಮಾಡಿಕೊಡಿ ಎಂದು ಪಾದ್ರಿಗಳು ಎಷ್ಟೋ ಸಲ ಕೇಳಿದ್ದರು, ಅಣ್ಣ ತಂಗಿ ನಾಳೆ ನಾಡಿದ್ದು ಎಂದು ತಳ್ಳುತ್ತಿದ್ದರು. ಆ ಗುರುವಾರ ಅಣ್ಣ ಪಕ್ಕದ ಊರಿನ ಒಂದು ಹೋಟೆಲಿನ ಕುರ್ಚಿಗಳನ್ನು ಸರಿಮಾಡಲು ಹೊರಟ. ಬರುವುದು ಶನಿವಾರ ಸಂಜೆಗೆ. ಅವನ ಬಸ್ಸು ತಿರುವು ದಾಟಿತೋ ಇಲ್ಲವೋ, ಮೊಳೆಯಕ್ಕ ಟೆಂಪೋದವನಿಗೆ ಫೋನು ಮಾಡಿ ಚರ್ಚಿನ ಮುಂದೆ ನಿಂತಿದ್ದಳು.

"ಎಲ್ಲಾ ಇಪ್ಪತ್ತಾರೂ ಒಂದೇ ಸಲಕ್ಕಾ?" ಪಾದ್ರಿಗಳಿಗೆ ಖುಷಿಯೂ ಆಯಿತು, ಗಾಬರಿಯೂ ಆಯಿತು. "ಭಾನುವಾರದ ಹೊತ್ತಿಗೆ ಆಗುತ್ತಾ?"

"ಕೆಲಸ ಶನಿವಾರಕ್ಕೇ ಮುಗಿಯುತ್ತೆ ಪಾದ್ರಿಗಳೇ. ಒಣಗೋದು ದೇವರ ಕೈಯಲ್ಲಿದೆ."

ಮಿಷನರಿಯಾಗುವವಳು ಸುಳ್ಳು ಹೇಳಬಾರದಲ್ಲ, ಅವಳು ಹೇಳಲಿಲ್ಲ. ಎರಡು ದಿನ ಊಟ ನಿದ್ದೆಯ ಕಡೆ ಗಮನ ಕೊಡದೆ ಕೀಲು ಬಿಚ್ಚಿ, ಅಂಟು ಹಾಕಿ, ಸ್ಯಾಂಡ್‌ಪೇಪರ್ ತಿಕ್ಕಿ, ಒಂದು ಕೋಟು ಪಾಲಿಶ್ ಕೊಟ್ಟಳು. ಶನಿವಾರ ಮಧ್ಯಾಹ್ನ ಎರಡನೇ ಕೋಟು ಕೊಟ್ಟಳು. ಅದನ್ನು ಬೇಕೆಂದೇ ಧಾರಾಳವಾಗಿ ಕೊಟ್ಟಳು.

ಸಂಜೆ ಅಣ್ಣ ಬಂದಾಗ ಅಂಗಡಿಯ ಹಿಂದಿನ ಅಂಗಳದಲ್ಲಿ ಇಪ್ಪತ್ತಾರು ಬೆಂಚುಗಳು ಮಿರಮಿರ ಮಿಂಚುತ್ತ ನಿಂತಿದ್ದವು. ಅವನು ಚೀಲವನ್ನು ಹೆಗಲಿಂದ ಇಳಿಸದೆಯೇ ಒಂದರ ಬೆನ್ನಿಗೆ ಬೆರಳು ಒತ್ತಿದ. ಬೆರಳು ಅಂಟಿಕೊಂಡಿತು.

"ಎರಡನೇ ಕೋಟು ಯಾವಾಗ ಕೊಟ್ಟೆ?"

"ಮಧ್ಯಾಹ್ನ."

"ದಪ್ಪ ಆಯ್ತು. ಸೋಮವಾರದ ತನಕ ಅಂಟುತ್ತೆ."

"ಗೊತ್ತು."

ಅಣ್ಣ ಅವಳನ್ನು ಒಂದು ಸಲ ನೋಡಿದ. ಸಿಟ್ಟಿನ ನೋಟವಾಗಿದ್ದರೆ ಅವಳು ಎದುರಿಸಲು ಸಿದ್ಧವಾಗಿಯೇ ನಿಂತಿದ್ದಳು. ಅದು ಸಿಟ್ಟಿನದಲ್ಲ. ತನ್ನ ವಸ್ತುವೊಂದನ್ನು ಯಾರೋ ಎತ್ತಿ ಒಗೆದದ್ದನ್ನು ಕಂಡವನ ಹಾಗೆ ನೋಡಿದ. ಆಮೇಲೆ ಚಿಂದಿಗೆ ಸ್ವಲ್ಪ ಥಿನ್ನರ್ ಹಾಕಿಕೊಂಡು ಬೆರಳು ಒರೆಸಿ, ಮೆಟ್ಟಿಲು ಹತ್ತಿ ಹೋದ. ಗೆದ್ದ ಖುಷಿಯಲ್ಲಿರಬೇಕಾಗಿದ್ದ ಮೊಳೆಯಕ್ಕನಿಗೆ ಯಾಕೋ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಬೆಂಚಿಲ್ಲದ ಚರ್ಚಿನೊಳಗೆ ಕೆಮ್ಮಿದರೂ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಎಷ್ಟೋ ವರ್ಷದಿಂದ ಒಂದೇ ಜಾಗದಲ್ಲಿ ಕೂತು ರೂಢಿಯಾದವರು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಆಚೆಗೊಂದು ಈಚೆಗೊಂದು ಹೆಜ್ಜೆ ಹಾಕುತ್ತಿದ್ದರು. ಮುದುಕಿಯರು ಐದಾರು ಜನರಿಗೆ ಹಿಂದಿನ ಕೋಣೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಅವರು ಹೇಗಿದ್ದರೂ ಕೈ ಎತ್ತುವವರು. ಮುಕ್ಕಾಲು ಗಂಟೆಗೆ ಕಡಿಮೆ ಎಂದೂ ನಿಲ್ಲಿಸದ ಪಾದ್ರಿಗಳು, ನೂರೈವತ್ತು ಜೊತೆ ಕಾಲುಗಳು ಭಾರ ಬದಲಿಸುವ ಸದ್ದಿಗೆ ಹೆದರಿ, ಬೋಧನೆಯನ್ನು ಹದಿನೈದು ನಿಮಿಷಕ್ಕೇ ಮುಗಿಸಿದರು. ಬೆಂಚು ಹೀಗೇ ಇನ್ನೂ ನಾಲ್ಕು ವಾರ ಒಣಗಲಿ ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಅಣ್ಣ ತಡವಾಗಿ ಬಂದಿದ್ದ. ಅವನ ಕೈಯಲ್ಲೊಂದು ಸ್ಟೂಲಿತ್ತು. ಮೊಳೆಯಕ್ಕ ದಿನಾ ಕೂತು ಮೊಳೆ ಹೊಡೆಯುವ ಮೂರು ಕಾಲಿನ ಗಿಡ್ಡ ಸ್ಟೂಲು. ಅದರ ಮೇಲಿನ ಕಂದು ರೆಗ್ಜಿನ್ ಹೊದಿಸಿದವಳು ಅವಳೇ. ಇಡೀ ಬೋಧನೆಯ ಹೊತ್ತು ಅವನು ಅದನ್ನು ಕೈಯಲ್ಲಿ ತೂಗಿಸಿಕೊಂಡು, ಎಲ್ಲರ ಹಾಗೆ ನಿಂತೇ ಕೇಳಿದ.

ಪಾದ್ರಿಗಳು ಮೊಳೆಯಕ್ಕನನ್ನು ಮುಂದೆ ಕರೆದರು. ಸಭೆಯ ಪುಸ್ತಕ ಬರೆಯುವ ಮೇಷ್ಟ್ರು, ನಿವೃತ್ತರಾಗಿ ಹತ್ತು ವರ್ಷವಾದರೂ ಮೇಷ್ಟ್ರೇ, ಪೆನ್ನಿನ ಮುಚ್ಚಳ ತೆಗೆದರು.

"ಇವರನ್ನು ಕಳಿಸಬಹುದೇ?"

ಎಲ್ಲರೂ ಮೊದಲೇ ನಿಂತಿದ್ದರು. ಮುದುಕಿಯರು ಕೈ ಎತ್ತಿದರು. ಜನ ಜರುಗಿ ಸ್ವಲ್ಪ ಜಾಗವಾದ ಕಡೆ ಅಣ್ಣ ಸ್ಟೂಲನ್ನು ನೆಲಕ್ಕಿಟ್ಟು, ಅದು ಅಲುಗಾಡುವುದಿಲ್ಲವಲ್ಲ ಎಂದು ಕಸುಬಿನವನ ರೂಢಿಯಂತೆ ಒಮ್ಮೆ ಒತ್ತಿ ನೋಡಿ, ಕೂತ.

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. ಪಾದ್ರಿಗಳು ನಿಟ್ಟುಸಿರು ಬಿಟ್ಟು, "ದೇವರ ಚಿತ್ತ," ಅಂದರು. ಜನ ಬಾಗಿಲ ಕಡೆ ತಿರುಗತೊಡಗಿದರು.

"ಇಲ್ಲ," ಅಂದಳು ಮೊಳೆಯಕ್ಕ.

ಅವಳ ಧ್ವನಿ ಆ ಖಾಲಿ ಗೋಡೆಗಳಿಗೆ ಬಡಿದು ಇನ್ನೂ ಎರಡು ಸಲ ಇಲ್ಲ ಅಂದಿತು. ಅವಳು ಇಳಿದು ಬಂದು ಅಣ್ಣನ ಮುಂದೆ ನಿಂತಳು.

"ಯಾಕೆ ಕೂತೆ?"

ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೂರು ತಲೆಮಾರಿನಲ್ಲಿ ಆ ಪ್ರಶ್ನೆಯನ್ನು ಯಾರೂ ಆ ಕಟ್ಟಡದೊಳಗೆ ಕೇಳಿರಲಿಲ್ಲ.

"ಕೇಳೋ ಹಾಗಿಲ್ಲಮ್ಮ," ಅಂದರು ಪಾದ್ರಿಗಳು.

"ಹಾಗಿಲ್ಲ ಅಂತ ಗೊತ್ತು. ಕೇಳ್ತೀನಿ. ನೀವು ಪತ್ರ ಕೊಟ್ರೂ ಹೋಗ್ತೀನಿ, ಕೊಡದಿದ್ರೂ ಹೋಗ್ತೀನಿ. ಆ ನರ್ಸಮ್ಮನಿಗೆ ಬೇಕಾಗಿರೋದು ನನ್ನ ಕೈ, ನಿಮ್ಮ ಕಾಗದ ಅಲ್ಲ. ಆದ್ರೆ ಇವನು ಯಾಕೆ ಕೂತ ಅಂತ ತಿಳ್ಕೊಂಡೇ ಹೋಗೋದು. ಹೇಳಣ್ಣ. ಸೇಡಾ?"

ಅಣ್ಣ ಅಂಗೈ ನೋಡುವುದನ್ನು ಬಿಟ್ಟು ತಲೆಯೆತ್ತಿದ.

"ಸೇಡು ಅಂದ್ಕೊಂಡಿದ್ಯಾ?" ಅಂದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಇಷ್ಟು ದಿನ ಹಾಗಂತ ಅಂದ್ಕೊಂಡೇ ನನಗೆ ಊಟ ಬಡಿಸ್ತಿದ್ಯಾ?"

"ಮತ್ತೇನು?"

"ಅವತ್ತು ನೀನು ಕೂತೆ. ನಾನು ಕೇಳಿದ್ನಾ? ಕೇಳಲಿಲ್ಲ. ದೇವರು ನಿನ್ನ ಕೈಲಿ ಹೇಳಿಸಿದ, ನಾನು ಬೇಡ ಅಂತ ಹೇಳಿಸಿದ ಅಂತ ನಂಬಿದೆ. ನಂಬದೆ ಇದ್ದಿದ್ರೆ ನನ್ನ ಕೈಲಿ ಈ ಮೂವತ್ತಮೂರು ವರ್ಷ ಮರ ಕೆತ್ತೋಕೆ ಆಗ್ತಿತ್ತಾ? ಎದ್ದ ದಿನವೆಲ್ಲ ಅದನ್ನೇ ಹೇಳ್ಕೊಂಡು ಎದ್ದಿದ್ದೀನಿ. ಈಗ ಅದೇ ಮನೆಗೆ, ಅದೇ ಕಸುಬಿಗೆ, ಅದೇ ದೇವರು ನಿನ್ನ ಮಾತ್ರ ಕರೀತಾನೆ ಅಂದ್ರೆ ನಾನು ಎದ್ದು ನಿಲ್ಲೋದು ಹೇಗೆ? ನಿಂತ್ರೆ ಏನರ್ಥ?" ಅವನ ಧ್ವನಿ ಏರಿತು. "ಅದೂ ಹೋಗಲಿ. ನಿನ್ನೆ ಬಂದು ನೋಡಿದ್ರೆ ಬೆಂಚೆಲ್ಲ ಅಂಗಳದಲ್ಲಿ. ಬೆಂಚು ಎತ್ತಿಟ್ರೆ ದೇವರ ಬಾಯಿ ಮುಚ್ಚಿಸಬಹುದು ಅಂತಾದ್ರೆ, ಅವತ್ತು ಕೂತಿದ್ದು ಯಾರು? ಅದನ್ನ ಹೇಳು ನೀನು. ದೇವರಾ, ನೀನಾ?"

ಮೊಳೆ ನುಂಗಿದರೆ ಹೀಗೇ ಇರುತ್ತದೇನೋ ಎಂದು ಮೊಳೆಯಕ್ಕನಿಗೆ ಅನ್ನಿಸಿತು. 'ದೇವರು' ಎಂದು ಒಂದು ಮಾತು ಹೇಳಿದರೆ ಅಣ್ಣನ ಮೂವತ್ತಮೂರು ವರ್ಷ ಇದ್ದ ಹಾಗೇ ಇರುತ್ತದೆ, ಅವನು ಸುಖವಾಗಿ ಮನೆಗೆ ಹೋಗುತ್ತಾನೆ. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅಲ್ಲಿಗೆ ಹೋಗಿ ದೇವರ ಮಾತು ಹೇಳಬೇಕೆಂದು ಹೊರಟವಳು, ಇಲ್ಲಿ ತನ್ನ ಮಾತನ್ನು ದೇವರ ಹೆಸರಿನಲ್ಲಿ ದಾಟಿಸಿ ಹೋಗುವುದು ಹೇಗೆ? ಒಂದು ಸಲ ದಾಟಿಸಿದ್ದೇ ಸಾಕಾಗಿತ್ತು.

"ನಾನು," ಅಂದಳು.

ಅಣ್ಣ ಸ್ಟೂಲಿನ ಅಂಚು ಹಿಡಿದುಕೊಂಡ.

"ನಾನೇ ಕೂತಿದ್ದು. ಅಮ್ಮನಿಗೆ ಲಕ್ವ ಹೊಡೆದು ಆರು ತಿಂಗಳಾಗಿತ್ತು. ನೀನು ಹೋದ್ರೆ ಅಮ್ಮನ ಹಾಸಿಗೆ, ಅಂಗಡಿ, ಎಲ್ಲಾ ನನ್ನ ತಲೆ ಮೇಲೆ. ನನಗೆ ಇಪ್ಪತ್ತೊಂದು. ಭಯ ಆಯ್ತಣ್ಣ. ದೇವರು ಏನೂ ಹೇಳಲಿಲ್ಲ. ಹೇಳಿದ್ರೂ ಆ ಭಯದಲ್ಲಿ ನನಗೆ ಕೇಳಿಸ್ತಿರಲಿಲ್ಲ. ಅಮ್ಮ ಹೋದ ಮೇಲಾದ್ರೂ ನೀನು ಇನ್ನೊಂದು ಸಲ ಕೇಳ್ತೀಯ, ಆಗ ಎದ್ದು ನಿಲ್ಲೋಣ ಅಂತ ಕಾದೆ. ನೀನು ಕೇಳಲೇ ಇಲ್ಲ. ಯಾಕೆ ಕೇಳಲಿಲ್ಲ ಅಂತ ನನಗೆ ಇವತ್ತು ಗೊತ್ತಾಗ್ತಿದೆ."

ಅಣ್ಣ ಎದ್ದ. ಎಷ್ಟು ರಭಸದಿಂದ ಎದ್ದನೆಂದರೆ ಸ್ಟೂಲು ಮಗುಚಿ ಉರುಳಿಕೊಂಡು ಹೋಗಿ ಮೇಷ್ಟ್ರ ಕಾಲಿಗೆ ಬಡಿಯಿತು. ಅತ್ತಿಗೆ ಕೈ ಹಿಡಿಯಲು ಹೋದಳು, ಕೊಡವಿಕೊಂಡ. ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆ ನಡೆದ.

ಮೇಷ್ಟ್ರು ಸ್ಟೂಲನ್ನು ನೋಡಿದರು, ಬಾಗಿಲ ಕಡೆ ನಡೆಯುತ್ತಿದ್ದ ಬೆನ್ನನ್ನು ನೋಡಿದರು, ಸುತ್ತ ಒಮ್ಮೆ ಕಣ್ಣಾಡಿಸಿದರು. ನಲವತ್ತು ವರ್ಷ ಹಾಜರಿ ತೆಗೆದುಕೊಂಡ ಮನುಷ್ಯ. "ಪಾದ್ರಿಗಳೇ," ಅಂದರು ಮೆಲ್ಲಗೆ, "ಈಗ ಯಾರೂ ಕೂತಿಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

"ಬರೀಬೇಡಿ!" ಮೊಳೆಯಕ್ಕ ಕೂಗಿದಳು. "ಅವನು ನನ್ನ ಕಳಿಸೋಕೆ ಎದ್ದಿಲ್ಲ, ನನ್ನ ಮುಖ ನೋಡೋಕಾಗದೆ ಎದ್ದಿರೋದು. ಅದನ್ನ ಬರ್ಕೊಂಡು ನೀವು ಪತ್ರ ಕೊಟ್ರೆ ನಾನು ಇಲ್ಲೇ ಹರಿದು ಹಾಕ್ತೀನಿ."

ಅಣ್ಣ ಹೊಸ್ತಿಲ ಹತ್ತಿರ ನಿಂತ. ತಿರುಗಲಿಲ್ಲ.

"ಬರ್ಕೊಳ್ಳಿ ಮೇಷ್ಟ್ರೇ," ಅಂದ.

"ಅಣ್ಣಾ..."

"ಕೂತೋರನ್ನ ಯಾಕೆ ಅಂತ ಕೇಳೋ ಹಾಗಿಲ್ಲ," ಅಂದ, ಹೊರಗಿನ ಬಿಸಿಲನ್ನೇ ನೋಡುತ್ತ. "ನಿಂತೋರನ್ನೂ ಕೇಳೋ ಹಾಗಿಲ್ಲ."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದ. ಮೇಷ್ಟ್ರು ಬರೆದುಕೊಂಡರು.

ಅವತ್ತು ಅವನು ಮನೆಗೆ ಊಟಕ್ಕೆ ಬರಲಿಲ್ಲ. ಅಂಗಡಿಯ ಬಾಗಿಲು ಹಾಕಿಕೊಂಡು ಏನೋ ಕೆತ್ತುತ್ತಿದ್ದ. ಅತ್ತಿಗೆ ತಟ್ಟೆಯನ್ನು ಕೆಳಗೇ ಒಯ್ದು ಕೊಟ್ಟು ಬಂದಳು. "ತಿಂದ್ರು," ಅಂದಳು ನಾದಿನಿಗೆ, "ಬೈತಾ ತಿಂದ್ರು. ಬೈಯ್ಲಿ ಬಿಡು. ಇಷ್ಟು ವರ್ಷ ಬೈದೇ ಇರಲಿಲ್ಲ."

ಸೋಮವಾರ ಪಾಲಿಶ್ ಒಣಗಿತು. ಟೆಂಪೋದವನು ಬೆಂಚುಗಳನ್ನು ಚರ್ಚಿನ ಮುಂದೆ ಇಳಿಸಿ ಬೇರೆ ಬಾಡಿಗೆ ಇದೆ ಎಂದು ಹೊರಟುಹೋದ. ಒಂದೊಂದೂ ಎಂಟಡಿ ಉದ್ದದ ಗಟ್ಟಿ ಮರ, ಒಬ್ಬರಿಂದ ಆಗುವ ಕೆಲಸವಲ್ಲ. ಮೊಳೆಯಕ್ಕ ಮೊದಲನೆಯದರ ಒಂದು ತುದಿಯನ್ನು ಎತ್ತಿ ಎಳೆಯಲು ನೋಡುತ್ತಿದ್ದಾಗ ಇನ್ನೊಂದು ತುದಿ ತಾನಾಗಿ ಮೇಲೆದ್ದಿತು. ನೋಡಿದರೆ ಅಣ್ಣ.

"ನಾನು ನಿನ್ನ ಕ್ಷಮಿಸಿಲ್ಲ," ಅಂದ.

"ನಾನು ಕೇಳಿಲ್ಲ."

"ಕೇಳಲೂಬೇಡ. ಹಿಂದೆ ನೋಡ್ಕೊಂಡು ನಡಿ, ಮೆಟ್ಟಿಲಿದೆ."

ಅವಳು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಹತ್ತಿದಳು. ಎದುರಿಗೇ ಅಣ್ಣನ ಮುಖ. ನೋಡಲೂ ಆಗದು, ಬಿಡಲೂ ಆಗದು. ಮಾತಿಲ್ಲದ ಆ ಭಾರವನ್ನು ತಡೆಯಲಾರದೆ ಅವಳು ಎಂದಿನ ರೂಢಿಯಂತೆ ಆ ದೇಶದ ಮಾತುಗಳನ್ನು ತುಟಿಯೊಳಗೇ ಗೊಣಗತೊಡಗಿದಳು. ನೀರು. ನೋವು. ಬಾಗಿಲು. ನಾಳೆ.

ಅಣ್ಣನ ಮುಖ ಕಿವುಚಿಕೊಂಡಿತು.

"ಹಾಗಲ್ಲ ಅದು," ಅಂದ. "ಎರಡು ವರ್ಷದಿಂದ ಕೇಳಿ ಕೇಳಿ ಸಾಕಾಯ್ತು. ನಾಲಿಗೆ ಮೇಲಕ್ಕೆ ತಾಗಬಾರದು." ಆಮೇಲೆ ಅವನೇ ಆ ಮಾತನ್ನು ಹೇಳಿದ. ಫೋನಿನಲ್ಲಿ ನರ್ಸು ಹೇಳುತ್ತಿದ್ದಳಲ್ಲ, ಥೇಟ್ ಹಾಗೆ. ದಿನಾ ಆಡುವವರ ಬಾಯಲ್ಲಿ ಬರುವ ಹಾಗೆ.

ಮೊಳೆಯಕ್ಕ ನಿಂತುಬಿಟ್ಟಳು. "ನಿನಗೆ ಹೇಗೆ ಗೊತ್ತು?"

"ಹೋಗೋದಿತ್ತಲ್ಲ. ಆ ನರ್ಸಮ್ಮ ಕ್ಯಾಸೆಟ್ಟು ಕಳಿಸಿದ್ರು. ಒಂದೂವರೆ ವರ್ಷ ಕಲಿತಿದ್ದೆ."

"ಅದು ಯಾವ ಕಾಲದ್ದು! ಇನ್ನೂ ನೆನಪಿದ್ಯಾ?"

"ಮರೆಯೋಕೆ ನೋಡ್ದೆ," ಅಂದ ಅಣ್ಣ. "ಆಗಲಿಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಎರಡೂ ಕೈಯಲ್ಲಿ ಬೆಂಚಿದ್ದದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಒಬ್ಬ ಮನುಷ್ಯನಿಂದ ತಾನು ಕಿತ್ತುಕೊಂಡದ್ದು ಎಷ್ಟೆಂದು ಅವಳಿಗೆ ನಿನ್ನೆ ಚರ್ಚಿನಲ್ಲೂ ಹೀಗೆ ಗೊತ್ತಾಗಿರಲಿಲ್ಲ.

"ಅಳೋದಾದ್ರೆ ಬೆಂಚು ಇಳಿಸಿ ಅಳು. ಹೊಸ ಪಾಲಿಶ್ ಮೇಲೆ ನೀರು ಬಿದ್ರೆ ಕಲೆ ಉಳಿಯುತ್ತೆ."

"ಇಳಿಸಲ್ಲ," ಅಂದಳು ಮೊಳೆಯಕ್ಕ, ಮೂಗೆಳೆದುಕೊಂಡು.

"ಹಾಗಾದ್ರೆ ಹೇಳು, ಇನ್ನೊಂದ್ಸಲ. ಅಲ್ಲಿ ಹೋಗಿ ನನ್ನ ಮಾನ ಕಳೀಬೇಡ."

ಹೇಳಿದಳು.

"ತಪ್ಪು."

ಮತ್ತೆ ಹೇಳಿದಳು.

"ತಪ್ಪು. ನಡಿ ಮುಂದೆ."

ಮೊದಲನೇ ಬೆಂಚನ್ನು ಮುಂದಿನ ಸಾಲಿನಲ್ಲಿಟ್ಟು ಇಬ್ಬರೂ ಹೊರಗೆ ಬಂದರು. ಇನ್ನೂ ಇಪ್ಪತ್ತೈದು ಇದ್ದವು.